ಮಿಕ್ಸಿ ಹಾಕು ಎಂದವನು ನಾನೇ

ಶೈಲಾ, ಅವತ್ತು ಮಿಕ್ಸಿ ಹಾಕು ಎಂದು ನಿನಗೆ ಹೇಳಿದವನು ನಾನೇ. ಹಾಕಬೇಡ ಅಂದಿದ್ದೆ ಎಂದು ಆಸ್ಪತ್ರೆಯಲ್ಲಿ ನಿನ್ನ ಅತ್ತೆಯ ಎದುರು ನಾನು ಆಡಿದ್ದು ಸುಳ್ಳು. ನೀನು ಕೇಳಿದ್ದೆ, ನಾನು ಒಪ್ಪಿದ್ದೆ. ನಿನ್ನ ನೆನಪಿನಲ್ಲಿ ತಪ್ಪಿಲ್ಲ.

ಈ ನಾಲ್ಕು ಸಾಲು ಬರೆಯಲು ನನಗೆ ನಾಲ್ಕು ವರ್ಷ ಹಿಡಿಯಿತು. ಮೂರು ಸಲ ಹಾಳೆ ಹರಿದೆ. ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಮೊದಲಿಂದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಒಂದೊಂದಾಗಿ ಬರೆಯದಿದ್ದರೆ ನಡುವೆ ಎಲ್ಲಾದರೂ ನುಸುಳಿಕೊಂಡುಬಿಡುತ್ತೇನೆ ಎಂಬ ಹೆದರಿಕೆ. ನನ್ನ ಬಾಯಿ ಎಂಥದು ಎಂದು ನನಗೆ ಗೊತ್ತಾಗಿದೆ.

ನಾನು ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ನಂಜನಗೂಡಿನ ಕಡೆಯಿಂದ ಕೋಡಂಬಾಕ್ಕಂಗೆ ಬಂದಿಳಿದಾಗ ತಮಿಳಿನಲ್ಲಿ ನೀರು ಕೇಳಲೂ ಬರುತ್ತಿರಲಿಲ್ಲ. ಆಗ ನಿನ್ನ ಮಾವ ನಂಜುಂಡಪ್ಪನವರು ಅಲ್ಲಿನ ಸಿನಿಮಾ ಸ್ಟುಡಿಯೋದಲ್ಲಿ ಲೈಟಿನವರ ಮೇಸ್ತ್ರಿ. ನಮ್ಮ ಕಡೆಯ ಹುಡುಗ ಎಂಬ ಒಂದೇ ಕಾರಣಕ್ಕೆ ನನ್ನನ್ನು ಸೇರಿಸಿಕೊಂಡರು. ಕೇಬಲ್ ಸುತ್ತುವುದು, ದೀಪ ಹೊರುವುದು, ಕೊನೆಗೆ ಜನರೇಟರ್ ಓಡಿಸುವುದು — ಎಲ್ಲವನ್ನೂ ಕಲಿಸಿದವರು ಅವರೇ. ಜನರೇಟರಿನ ಮೈಮೇಲೆ ಅಂಗೈ ಇಟ್ಟು ಎಷ್ಟು ಲೋಡು ಬಿದ್ದಿದೆ ಎಂದು ಹೇಳುವುದು ಅವರ ವಿದ್ಯೆ. ನನಗೂ ಕೊಟ್ಟರು. ಮುಂದೆ ಸ್ವಂತಕ್ಕೆ ನಾಲ್ಕು ಜನರೇಟರ್ ಇಟ್ಟುಕೊಂಡು ವಡಪಳನಿಯಲ್ಲಿ ಬಾಡಿಗೆಗೆ ಬಿಡತೊಡಗಿದ ಮೇಲೂ ನಾನು ಮೀಟರ್ ನೋಡುತ್ತಿರಲಿಲ್ಲ. ಅಂಗೈ ಇಡುತ್ತಿದ್ದೆ. ಡಿಪ್ಲೊಮಾ ಓದಿ ಬಂದವರು ಮೀಟರ್ ನೋಡಿ ಹೇಳಿದ್ದನ್ನು ನಾನು ಅವರಿಗಿಂತ ಮೊದಲೇ ಹೇಳಿರುತ್ತಿದ್ದೆ. ಮೂವತ್ತು ವರ್ಷದಲ್ಲಿ ನನ್ನ ಜನರೇಟರ್ ನಿಂತು ಒಂದು ಶೂಟಿಂಗ್ ನಿಂತಿಲ್ಲ. ಇದನ್ನು ನಾನು ಎಷ್ಟು ಜನರ ಮುಂದೆ, ಎಷ್ಟು ಸಲ ಹೇಳಿಕೊಂಡಿದ್ದೇನೋ.

ಆದರೆ ನನಗೆ ಗೊತ್ತಿದ್ದದ್ದು ದೀಪದ ಲೋಡು ಮಾತ್ರ. ಎರಡು ಸಾವಿರ ವ್ಯಾಟ್ ದೀಪ ಅಂದರೆ ಎರಡು ಸಾವಿರ. ಹಚ್ಚಿದಾಗಲೂ ಅಷ್ಟೇ, ಗಂಟೆ ಕಳೆದ ಮೇಲೂ ಅಷ್ಟೇ. ಕೂಡಿಸಿದರೆ ಲೆಕ್ಕ ಮುಗಿಯಿತು. ಮನೆಯೊಳಗಿನ ಸಾಮಾನಿನಲ್ಲಿ ಮೋಟರ್ ಇರುತ್ತದೆ, ಮೋಟರಿನ ರೀತಿಯೇ ಬೇರೆ — ಇದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ.

ಆ ಡಿಸೆಂಬರಿನ ಚಂಡಮಾರುತ ನಿನಗೆ ನೆನಪಿದೆ. ಹಿಂದಿನ ರಾತ್ರಿಯಿಂದ ಕರೆಂಟಿಲ್ಲ. ನಿಮ್ಮ ಇನ್ವರ್ಟರ್ ಬೆಳಗಿನ ಜಾವಕ್ಕೆ ಕೈಕೊಟ್ಟಿತ್ತು. ಬೆಳಿಗ್ಗೆ ಎಂಟಕ್ಕೆ ನಿನ್ನ ಗಂಡ ರವಿ ಪ್ಯಾಂಟ್ ಮಡಚಿಕೊಂಡು, ಮೊಣಕಾಲು ಮಟ್ಟದ ನೀರಿನಲ್ಲಿ ನನ್ನ ಶೆಡ್ಡಿಗೆ ನಡೆದು ಬಂದ. ಪೆರುಂಗುಡಿಯ ದೊಡ್ಡ ಆಫೀಸಿನಲ್ಲಿ ಕೆಲಸ ಮಾಡುವವನು, ನನ್ನ ಎದುರು ಕೈ ಕಟ್ಟಿ ನಿಂತಿದ್ದ.

"ಮಾದೇವಣ್ಣ, ಅಪ್ಪಂಗೆ ಆಕ್ಸಿಜನ್ ಮಷೀನು ನಿಲ್ಲೋ ಹಾಗಿಲ್ಲ. ಚಿಕ್ಕ ಸಿಲಿಂಡರ್ ಹಾಕಿದೀವಿ. ಇನ್ನೊಂದೇ ಇರೋದು. ಏನಾದ್ರೂ ಮಾಡಿ."

ನನಗೆ ಎದೆಯುಬ್ಬಿತು. ಇದನ್ನೂ ಬರೆಯಬೇಕು. ಗುರುವಿನ ಉಸಿರು ಉಳಿಸುವ ಕೆಲಸ ನನಗೆ ಬಂದಿದೆ ಎಂದು ನಾನು ಹೆಮ್ಮೆಪಟ್ಟೆ. ಶೆಡ್ಡಿನಲ್ಲಿ ಎರಡು ಸಣ್ಣ ಜನರೇಟರ್ ಇದ್ದವು. ಒಂದು ಹಗುರದ್ದು, ಒಬ್ಬನೇ ಹೆಗಲ ಮೇಲೆ ಹೊರಬಹುದು. ಇನ್ನೊಂದು ಅದರ ಎರಡರಷ್ಟು ಶಕ್ತಿಯದು, ಇಬ್ಬರು ಹೊರಬೇಕು. ರವಿ ಎದುರಿಗೇ ನಿಂತಿದ್ದ. ಇಬ್ಬರಿದ್ದೆವು. ಆದರೂ ಹಗುರದ್ದನ್ನು ಹೆಗಲಿಗೆ ಏರಿಸಿದೆ.

ಮೂರು ಮಹಡಿ ಹತ್ತಿ ಒಳಗೆ ಬಂದಾಗ ನಿನ್ನ ಮಾವ ದಿಂಬಿಗೆ ಒರಗಿ ಕೂತಿದ್ದರು. ಮೂಗಿಗೆ ಕೊಳವೆ. ಬೀಡಿ ಮತ್ತು ಹಳೇ ಕಾಲದ ಸ್ಟುಡಿಯೋ ದೀಪಗಳ ಹೊಗೆ ಸೇರಿ ಅವರ ಎದೆಯನ್ನು ತಿಂದುಹಾಕಿದ್ದವು. ಆದರೂ ನನ್ನ ನೋಡಿ ಕಣ್ಣು ಅರಳಿತು. ಉಸಿರು ಕಟ್ಟಿ ಕಟ್ಟಿ ತಮಾಷೆ ಮಾಡಿದರು — "ಏನ್ಲಾ ಮಾದೇವ... ಕಾವಡಿ ಹೊತ್ಕೊಂಡು... ಮುರುಗನ್ ಗುಡೀಗೆ ಹೊಂಟಿದ್ದಾ... ದಾರಿ ತಪ್ಪಿ ಬಂದ್ಯಾ?"

"ನನ್ನ ಮುರುಗ ಇಲ್ಲೇ ಕುಂತವ್ನಲ್ಲಣ್ಣ," ಅಂದೆ. ನೀನು ಅಡುಗೆಮನೆ ಬಾಗಿಲಲ್ಲಿ ನಕ್ಕೆ. ನಿನ್ನ ನಗು ನಾನು ಕೊನೆಯ ಸಲ ಕೇಳಿದ್ದು ಆಗಲೇ ಇರಬೇಕು.

ಒಂದು ಕೆಲಸ ಸರಿಯಾಗಿ ಮಾಡಿದೆ. ಜನರೇಟರನ್ನು ಬಾಲ್ಕನಿಯಲ್ಲಿಡಿ ಎಂದು ರವಿ ಅಂದಾಗ, ಬೇಡ, ಹೊಗೆ ಒಳಗೆ ನುಗ್ಗಿದರೆ ಎಲ್ಲರೂ ನಿದ್ದೆಯಲ್ಲೇ ಹೋಗಿಬಿಡ್ತೀರಿ ಎಂದು ಹೇಳಿ ಟೆರೇಸಿಗೆ ಹೊತ್ತೆ. ಮೆಟ್ಟಿಲ ಬಾಗಿಲಿನಿಂದ ದೂರಕ್ಕೆ, ತಗಡಿನ ಮರೆಯಲ್ಲಿ ಇಟ್ಟು, ದಪ್ಪ ವೈರನ್ನು ಕಿಟಕಿಯಿಂದ ಇಳಿಬಿಟ್ಟೆ. ಮುಖ್ಯ ಸ್ವಿಚ್ಚಿಗೆ ಕೈಹಾಕಲಿಲ್ಲ. ಬೇಕಾದ ಸಾಮಾನನ್ನೆಲ್ಲ ನೇರ ಆ ವೈರಿನ ಬಾಕ್ಸಿಗೇ ಕೊಟ್ಟೆ. ಮಳೆಯಲ್ಲಿ ನೆನೆದುಕೊಂಡು ಇಷ್ಟೆಲ್ಲ ಜಾಗ್ರತೆ ಮಾಡಿದ ಮನುಷ್ಯ ಮುಂದಿನದನ್ನು ಹೇಗೆ —

ಸಾಮಾನುಗಳ ಹಿಂದಿನ ಚೀಟಿ ನೋಡಿದೆ. ಅಂಕಿ ಓದಲು ನನಗೆ ಬರುತ್ತದೆ. ಆಕ್ಸಿಜನ್ ಮಷೀನು, ಫ್ರಿಜ್ಜು, ಎರಡು ಫ್ಯಾನು, ಒಂದು ಲೈಟು. ಬೆರಳು ಮಡಚಿ ಕೂಡಿಸಿದೆ. ಎಂಟುನೂರು ವ್ಯಾಟಿನ ಹತ್ತಿರ. ಜನರೇಟರಿನ ಮೇಲೆ ಎರಡು ಕೆವಿಎ ಎಂದು ಬರೆದಿತ್ತು. ನನ್ನ ಪಾಲಿಗೆ ಅದು ಎರಡು ಸಾವಿರ ವ್ಯಾಟು. ಅರ್ಧಕ್ಕಿಂತ ಹೆಚ್ಚು ಖಾಲಿ.

ಆಗ ನೀನು ಬಂದು ಕೇಳಿದೆ. ಕೈಯಲ್ಲಿ ಬೇಯಿಸಿದ ತರಕಾರಿಯ ಪಾತ್ರೆ ಇತ್ತು.

"ಮಾದೇವಣ್ಣ, ಮಾವಂಗೆ ಅಗಿಯೋಕೆ ಆಗಲ್ಲ. ಇದನ್ನ ನುಣ್ಣಗೆ ಮಾಡಬೇಕು. ಮಿಕ್ಸಿ ಹಾಕಬಹುದಾ?"

ಮಿಕ್ಸಿ ಏಳುನೂರೈವತ್ತು. ಕೂಡಿಸಿದೆ. ಇನ್ನೂ ಜಾಗವಿತ್ತು.

"ಹಾಕವ್ವ. ಧಾರಾಳ್ವಾಗಿ ಹಾಕು."

ನಿನ್ನ ಮಾವ ಹಾಸಿಗೆಯಿಂದ ಒಂದು ಬೆರಳು ಎತ್ತಿದರು. "ಮಾದೇವ... ಮೋಟ್ರು... ಮೋಟ್ರು ಲೋಡು ಕಣ್ಲಾ..." ಅಷ್ಟರಲ್ಲಿ ಕೆಮ್ಮು ಬಂತು. ನೀನು ಬೆನ್ನು ಸವರಲು ಓಡಿದೆ. ಅವರ ಮಾತು ನನಗೆ ಕೇಳಿಸಿತು, ಶೈಲಾ. ಪೂರ್ತಿ ಕೇಳಿಸಿತು. ಕೆಮ್ಮು ನಿಂತ ಮೇಲೆ ಏನಣ್ಣ ಅಂದಿರಿ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ರವಿ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಮೂವತ್ತು ವರ್ಷ ಜನರೇಟರ್ ಓಡಿಸಿದವನಿಗೆ ಇನ್ನೂ ಪಾಠ ಬೇಕೇ — ಹಾಗೆ ಅನ್ನಿಸಿತು. "ನೀವು ಸುಮ್ನೆ ಮಲಗಿ ಅಣ್ಣ, ನಿಮ್ ಶಿಷ್ಯ ನೋಡ್ಕತಾನೆ," ಎಂದು ದೊಡ್ಡ ದನಿಯಲ್ಲಿ ಹೇಳಿದೆ.

ಜನರೇಟರ್ ಶುರುಮಾಡಿ, ಅದರ ಮೇಲೆ ಅಂಗೈ ಇಟ್ಟೆ. ಹಗುರಾಗಿ ಓಡುತ್ತಿತ್ತು. ಆಗ ಫ್ರಿಜ್ಜಿನ ಮೋಟರ್ ಇನ್ನೂ ಎದ್ದಿರಲಿಲ್ಲ. ಅದನ್ನು ನಾನು ನೋಡಲಿಲ್ಲ. ನಿಂತರೆ ಏನು ಮಾಡಬೇಕು ಎಂದೂ ರವಿಗೆ ಹೇಳಿಕೊಡಲಿಲ್ಲ. ನನ್ನ ಜನರೇಟರ್ ನಿಲ್ಲುತ್ತದೆ ಎಂದು ಯಾರಾದರೂ ಹೇಳಿಕೊಡುತ್ತಾರೆಯೇ? ಕಲ್ಯಾಣ ಮಂಟಪವೊಂದರಲ್ಲಿ ನೀರು ನುಗ್ಗಿದ ಮನೆಗಳವರು ತಂಗಿದ್ದರು. ಅಲ್ಲಿ ದೊಡ್ಡ ಜನರೇಟರ್ ನೋಡಿಕೊಳ್ಳಬೇಕಿತ್ತು. ಹೊರಟುಬಿಟ್ಟೆ.

ಆಮೇಲೆ ನಡೆದದ್ದನ್ನು ನಾನು ಕಣ್ಣಿಂದ ನೋಡಿಲ್ಲ. ರವಿ ಹೇಳಿದ್ದನ್ನೂ ಜನರೇಟರನ್ನು ನೋಡಿದಾಗ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ನೀನು ಮಿಕ್ಸಿ ಹಾಕಿದೆ. ಅದೇ ಹೊತ್ತಿಗೆ ಫ್ರಿಜ್ಜಿನ ಮೋಟರೂ ಎದ್ದಿತು. ಲೈಟು ಕೆಂಪಾಗಿ ಇಳಿಯಿತು. ಟೆರೇಸಿನ ಮೇಲೆ ಜನರೇಟರ್ ಒಮ್ಮೆ ಗೊರಗುಟ್ಟಿ ನಿಂತಿತು. ಆಕ್ಸಿಜನ್ ಮಷೀನು ಕೂಗಿಕೊಳ್ಳತೊಡಗಿತು. ರವಿ ಟೆರೇಸಿಗೆ ಓಡಿ ಹಗ್ಗ ಎಳೆದ. ಕೆಳಗೆ ಎಲ್ಲ ಪ್ಲಗ್ಗೂ ಹಾಗೇ ಸಿಕ್ಕಿಕೊಂಡಿದ್ದವು. ಜನರೇಟರ್ ಎದ್ದಿತು, ಬಿತ್ತು, ಮತ್ತೆ ಎದ್ದಿತು. ಮೂರನೇ ಸಲ ಎದ್ದಾಗ ವೋಲ್ಟೇಜು ಮಿತಿಮೀರಿ ಲೈಟು ಕಣ್ಣು ಕುಕ್ಕುವ ಹಾಗೆ ಬೆಳಗಿತಂತೆ. ಆಕ್ಸಿಜನ್ ಮಷೀನಿನೊಳಗೆ ಠಪ್ ಎಂದಿತು. ಸುಟ್ಟ ವಾಸನೆ. ಆಮೇಲೆ ಅದು ಕೂಗಲೂ ಇಲ್ಲ.

ಫೋನು ಬಂದಾಗ ನಡುಹಗಲು. ರವಿಯ ಮಾತು ಸ್ಪಷ್ಟ ಕೇಳುತ್ತಿರಲಿಲ್ಲ. ಹಿಂದಿನಿಂದ ನಿನ್ನ ಅತ್ತೆಯ ಕೂಗು ಮಾತ್ರ ಕೇಳುತ್ತಿತ್ತು. ನಾನು ನೀರಿನಲ್ಲಿ ಓಡಿದೆ. ನೀರಿನಲ್ಲಿ ಓಡಲಾಗುವುದಿಲ್ಲ. ಕನಸಿನಲ್ಲಿ ಓಡುವ ಹಾಗೆ — ಕಾಲು ಎತ್ತಿದಷ್ಟೂ ಹಿಂದಕ್ಕೆ. ಈಗಲೂ ನನಗೆ ಆ ಕಾಲಿನ ಭಾರ ಇದ್ದಕ್ಕಿದ್ದಂತೆ ಬರುತ್ತದೆ, ಒಣನೆಲದ ಮೇಲೆ ನಿಂತಿರುವಾಗಲೂ.

ಅವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೂ ರವಿಯೂ ಮೂರು ಮಹಡಿ ಇಳಿಸಿದೆವು. ಉಳಿದ ಒಂದು ಸಿಲಿಂಡರನ್ನು ನೀನು ಮಗುವಿನಂತೆ ಎದೆಗವಚಿಕೊಂಡು ಪಕ್ಕದಲ್ಲೇ ಬರುತ್ತಿದ್ದೆ. ಬೀದಿಯಲ್ಲಿ ನೀರು ಸೊಂಟದವರೆಗೆ. ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದಿತ್ತು. ನಾನು ಮುಳ್ಳನ್ನು ನೋಡಲೋ, ಅವರ ತುಟಿಯನ್ನು ನೋಡಲೋ... ತುಟಿ ನೀಲಿಯಾಗಿತ್ತು. ಮುಖ್ಯರಸ್ತೆಯ ಏರಿನಲ್ಲಿ ನಿಂತಿದ್ದ ಆಂಬ್ಯುಲೆನ್ಸಿನವನು ಕೂಗುತ್ತಿದ್ದ — "ಸೀಕ್ರಂ ವಾಂಗ ಸಾರ್, ಸೀಕ್ರಂ!" ಬೇಗ ಬನ್ನಿ, ಬೇಗ. ಹೇಗೆ ಬೇಗ ಹೋಗುವುದು.

ನಂತರ ಆಸ್ಪತ್ರೆಯ ಆ ಕಾರಿಡಾರು. ಒಳಗೆ ಏನಾಗುತ್ತಿದೆ ಗೊತ್ತಿಲ್ಲ. ಒದ್ದೆ ಬಟ್ಟೆಯಲ್ಲಿ ನಾಲ್ವರೂ ನಿಂತಿದ್ದೆವು. ನಿನ್ನ ಅತ್ತೆ ಪಾರ್ವತಮ್ಮ ತಿರುಗಿದರು.

"ಎಲ್ಲ ಸರ್ಯಾಗೇ ನಡೀತಿತ್ತಲ್ಲ. ಅದೇನು ಗರ್ರ್ ಅಂತು? ಮಿಕ್ಸಿ ಯಾರು ಹಾಕ್ದವ್ರು?"

"ನಾನೇ ಅತ್ತೆ," ಅಂದೆ ನೀನು. "ಮಾದೇವಣ್ಣನ್ನ ಕೇಳಿ..."

ಹೇಳುತ್ತಲೇ ನನ್ನ ಕಡೆ ನೋಡಿದೆ. ನನ್ನ ಮೇಲೆ ಹೊರಿಸಬೇಕು ಎಂಬ ನೋಟವಲ್ಲ ಅದು. ಈ ಅಣ್ಣ ಇದ್ದಾನೆ, ಹೇಳುತ್ತಾನೆ ಎಂಬ ನಂಬಿಕೆ. ರವಿಯೂ ನೋಡಿದ. ಪೊಲೀಸು, ಕೇಸು, ವಡಪಳನಿಯಲ್ಲಿ ನನ್ನ ಹೆಸರು, ಇವನ ಜನರೇಟರು ಒಂದು ಜೀವ ತೆಗೆಯಿತು ಎಂಬ ಮಾತು — ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಎಲ್ಲಕ್ಕಿಂತ ದೊಡ್ಡ ಭಯ ಬೇರೆ. ಈ ಮನುಷ್ಯನಿಗೆ ಲೋಡು ಲೆಕ್ಕ ಹಾಕಲು ಬರುವುದಿಲ್ಲ, ಆರನೇ ಕ್ಲಾಸು — ಎಂದು ರವಿ ಅಂದುಕೊಂಡರೆ?

"ಮಿಕ್ಸಿ ಒಂದು ಹಾಕ್ಬೇಡಿ ಅಂತ ಹೇಳಿದ್ದೆನಲ್ಲವ್ವ," ಅಂದೆ.

ಅಷ್ಟೇ. ಗಲಾಟೆಯಿಲ್ಲ, ಏರುದನಿಯಿಲ್ಲ. ನಿಧಾನವಾಗಿ, ದುಃಖದಲ್ಲಿ ಹೇಳುವವನಂತೆ ಹೇಳಿದೆ.

ನಿನ್ನ ಬಾಯಿ ತೆರೆದೇ ಇತ್ತು. ಪಾರ್ವತಮ್ಮ ಹಣೆ ಚಚ್ಚಿಕೊಂಡರು — "ಒಂದೊತ್ತು ಕೈಲಿ ಕಿವುಚಿ ಕೊಟ್ಟಿದ್ರೆ ಏನಾಯ್ತಿತ್ತು ನಿಂಗೆ? ಬಳೆ ಸವೀತಿತ್ತಾ?" ರವಿ ಗೋಡೆ ಕಡೆ ತಿರುಗಿ ನಿಂತ. ಅವನು ಬೈದಿದ್ದರೂ ಚೆನ್ನಾಗಿತ್ತು.

ಎರಡು ವಾರ ಕಳೆದ ಮೇಲೆ ಮೋಟರ್ ವೈಂಡಿಂಗ್ ಮಾಡುವ ಸೆಲ್ವಂ ಹತ್ತಿರ ಹೋಗಿ, ಬೇರೆ ಯಾರದೋ ವಿಷಯ ಎನ್ನುವಂತೆ ಕೇಳಿದೆ. ಅವನು ನಕ್ಕುಬಿಟ್ಟ. "ಎನ್ನಣ್ಣೇ, ಇದು ಕೂಡ ತೆರಿಯಾದಾ?" ಇಷ್ಟೂ ಗೊತ್ತಿಲ್ಲವೇ ಎಂದು. ಮೋಟರ್ ಏಳುವ ಕ್ಷಣಕ್ಕೆ ಚೀಟಿಯಲ್ಲಿ ಬರೆದದ್ದರ ಮೂರು ಪಟ್ಟು, ಕೆಲವು ಸಲ ಇನ್ನೂ ಹೆಚ್ಚು ಎಳೆಯುತ್ತದೆ ಎಂದ. ಎರಡು ಕೆವಿಎ ಎಂದರೆ ಎರಡು ಸಾವಿರ ವ್ಯಾಟಲ್ಲ, ಸಾವಿರದಾರುನೂರರ ಹತ್ತಿರ ಎಂದ. ಅದರಲ್ಲೂ ಕಾಲುಭಾಗ ಖಾಲಿ ಬಿಡಬೇಕು. ಏನೂ ಸಿಕ್ಕಿಸದೆ ಶುರುಮಾಡಬೇಕು, ಕಾಯಬೇಕು, ದೊಡ್ಡ ಮೋಟರನ್ನು ಮೊದಲು ಕೊಟ್ಟು ಅದು ಎದ್ದ ಮೇಲೆ ಒಂದೊಂದಾಗಿ ಉಳಿದದ್ದು. ನಿಂತುಹೋದರೆ ಎಲ್ಲ ಪ್ಲಗ್ಗೂ ಕಿತ್ತು ಆಮೇಲೆಯೇ ಹಗ್ಗಕ್ಕೆ ಕೈ. ಒಬ್ಬರ ಉಸಿರು ನಡೆಸುವ ಮಷೀನಿದ್ದರೆ ಅದರ ಜೊತೆ ಬೇರೆ ಏನನ್ನೂ ಕೊಡಬಾರದು. ಅವನು ವೈರು ಸುತ್ತುತ್ತಲೇ ಇದನ್ನೆಲ್ಲ ಹೇಳಿ ಮುಗಿಸಿದ. ಒಂದು ಟೀ ಕುಡಿಯುವಷ್ಟು ಹೊತ್ತು. ನಾನು ಮೂವತ್ತು ವರ್ಷ ಯಾರನ್ನೂ ಕೇಳದೆ ಇದ್ದದ್ದು ಅಷ್ಟು ಹೊತ್ತಿನ ಮಾತನ್ನು. ನಿನ್ನ ಮಾವ ಹೇಳಹೊರಟಿದ್ದೂ ಅದನ್ನೇ. ಅವರಿಗೆ ಗೊತ್ತಿತ್ತು. ಸ್ಟುಡಿಯೋದಲ್ಲಿ ನನಗೆ ಕಲಿಸುವ ಅಗತ್ಯ ಬಂದಿರಲಿಲ್ಲ, ಅಷ್ಟೇ.

ಅಂದರೆ ನೀನು ಮಿಕ್ಸಿ ಹಾಕದಿದ್ದರೂ ನೀರಿನ ಮೋಟರೋ ಮತ್ತೊಂದೋ, ಏನನ್ನು ಕೊಟ್ಟಿದ್ದರೂ ಆ ಜನರೇಟರ್ ಬೀಳುತ್ತಿತ್ತು. ನಿನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಣ್ಣ, ಅಂದರೆ ನಿನ್ನ ಮಾವ, ಬದುಕಿದರು. ನನಗೆ ಆಗ ಸಮಾಧಾನವಾಗಬೇಕಿತ್ತು. ಆದದ್ದು ಭಯ. ಅವರು ಆ ಕೋಣೆಯಲ್ಲೇ ಇದ್ದರಲ್ಲ, ನಾನು ಧಾರಾಳವಾಗಿ ಹಾಕು ಅಂದಾಗ. ಉಸಿರು ಸಾಲದೆ ಅವರ ಮಾತು ಕೆಟ್ಟಿತ್ತು. ಒಂದೆರಡು ಪದ ಮಾತ್ರ, ಅದೂ ಅಪರೂಪಕ್ಕೆ. ಆದರೆ ಕಣ್ಣಿಗೆ ಏನೂ ಆಗಿರಲಿಲ್ಲ. ನೋಡಲು ಬಂದಾಗಲೆಲ್ಲ ಅವರ ಕಣ್ಣು ನನ್ನ ಮೇಲೆಯೇ. ಇವತ್ತು ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಬೆವರುತ್ತಿದ್ದೆ. ಹೋಗುವುದನ್ನು ಕಡಿಮೆ ಮಾಡಿದೆ.

ಕೊನೆಯ ಸಲ ಹೋದದ್ದು ಒಂದು ಮಧ್ಯಾಹ್ನ. ನೀನು ನನಗೆ ಕಾಫಿ ತರಲು ಒಳಗೆ ಹೋಗಿದ್ದೆ. ಅಣ್ಣ ನನ್ನ ಕೈ ಹಿಡಿದು, ಎಳೆದು, ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಅಂಗೈ ಬಿಡಿಸಿ, ಒತ್ತಿ — ಅವರು ನನಗೆ ಜನರೇಟರಿನ ಮೇಲೆ ಇಡಲು ಕಲಿಸಿದ ಹಾಗೇ. ಒಳಗೆ ಏನೋ ತಡವರಿಸಿ ಎಳೆಯುತ್ತಿತ್ತು. ತಾಳಲಾರದ ಲೋಡು. ನನ್ನ ಅಂಗೈಗೆ ಅದು ಚೆನ್ನಾಗಿ ಗೊತ್ತಾಯಿತು. ಅಡುಗೆಮನೆ ಕಡೆ ಕಣ್ಣು ಹೊರಳಿಸಿ ಒಂದೇ ಒಂದು ಮಾತು ಅಂದರು.

"ಹೇಳ್ಲಾ."

ನಾನು ಕೈ ಬಿಡಿಸಿಕೊಂಡೆ. ಕಾಫಿಗೆ ಕಾಯದೆ ಎದ್ದುಬಂದೆ. ಮಾದೇವಣ್ಣ, ಕಾಫಿ ಎಂದು ನೀನು ಮೆಟ್ಟಿಲ ತನಕ ಬಂದು ಕೂಗಿದ್ದು ಕೇಳಿಸಿತ್ತು.

ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ಅಳು ಬರಲಿಲ್ಲ. ಹಗುರವಾಯಿತು. ಇನ್ನು ಹೇಳುವವರು ಯಾರೂ ಇಲ್ಲ ಎಂದು ಹಗುರವಾಯಿತು. ಇದಕ್ಕಿಂತ ಕೀಳಾದದ್ದು ನನ್ನಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ.

ಹೋದ ತಿಂಗಳು ಅವರಿಗೆ ವರ್ಷದ ಎಡೆ ಇಟ್ಟ ದಿನ ನೀವು ಕರೆದಿರಿ. ತಪ್ಪಿಸಿಕೊಳ್ಳಲು ನೆಪ ಸಿಗದೆ ಬಂದೆ. ಊಟಕ್ಕೆ ಕೂತಾಗ ಅಡುಗೆಮನೆಯಿಂದ ಕಲ್ಲಿನ ಮೇಲೆ ಕಲ್ಲು ಉಜ್ಜುವ ಸದ್ದು. ನೀನು ನೆಲದ ಮೇಲೆ ಕೂತು ರುಬ್ಬುತ್ತಿದ್ದೆ. ಇಷ್ಟು ಜನಕ್ಕೆ ಅಡುಗೆ, ಕೈಯಲ್ಲಿ ಯಾಕೆ ಎಂದು ಪಕ್ಕದ ಮನೆಯವರು ಕೇಳಿದರು. ಪಾರ್ವತಮ್ಮ ಹೇಳಿದರು — "ನಾಕು ವರ್ಸಾಯ್ತು, ಈ ಮನೇಲಿ ಮಿಕ್ಸಿ ಹಾಕಿಲ್ಲ. ಹಾಕಿದ್ದು ಒಂದ್ಸಲ ಸಾಕಲ್ಲ." ನನ್ನ ಎಲೆಯ ಮೇಲೆ ನೀನು ರುಬ್ಬಿದ ಚಟ್ನಿ ಇತ್ತು. ನಾನು ಅದನ್ನು ತಿಂದೆ.

ಹೊರಡುವಾಗ ನೀನು ಬಾಗಿಲ ತನಕ ಬಂದು, ಯಾರೂ ಕೇಳದ ಹಾಗೆ ಹೇಳಿದೆ. "ಮಾದೇವಣ್ಣ, ಅವತ್ತು ನಿಮ್ಮ ಹೆಸರು ಎತ್ತಿಬಿಟ್ಟಿದ್ದೆ. ನೀವು ಬೇಡ ಅಂದಿದ್ದು ನಂಗೆ ನೆನಪೇ ಇಲ್ಲ, ಗಾಬರೀಲಿ ಏನೇನೋ ಕಲಸಿಹೋಗಿದೆ. ತಪ್ಪು ತಿಳ್ಕೋಬೇಡಿ. ಕ್ಷಮಿಸಿ."

ನೀನು ನನ್ನ ಕ್ಷಮೆ ಕೇಳಿದೆ, ಶೈಲಾ. ನಾನು ಏನೆಂದೆ ಗೊತ್ತೇ? "ಬುಡವ್ವ, ಅದೆಲ್ಲ ಈಗ್ಯಾಕೆ," ಅಂದೆ. ಕ್ಷಮಿಸಿದವನ ಹಾಗೆ ತಲೆಯಾಡಿಸಿ ಮೆಟ್ಟಿಲು ಇಳಿದೆ.

ನಿನ್ನ ಅತ್ತೆಯ ಬಾಯಿಂದ ನಿನ್ನನ್ನು ಬೈಸಿದ್ದು ಒಂದು. ನಿನ್ನ ನೆನಪಿನ ಮೇಲೆ ನಿನಗೇ ನಂಬಿಕೆ ಹೋಗುವ ಹಾಗೆ ಮಾಡಿದ್ದು — ಅದಕ್ಕೆ ಏನು ಹೆಸರೋ ನನಗೆ ತಿಳಿಯದು. ಓದಿದವರಿಗೆ ತಿಳಿದಿರಬಹುದು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುವುದೆಂದು ಗಟ್ಟಿ ಮಾಡಿಕೊಂಡಿದ್ದೇನೆ. ರವಿ ಮನೆಯಲ್ಲಿರುತ್ತಾನೆ. ಕಾಗದ ಬಾಗಿಲ ಸಂದಿಯಲ್ಲಿ ತೂರಿಸಿ ಓಡಿಹೋಗೋಣ ಎಂದು ಮೊದಲು ಅಂದುಕೊಂಡಿದ್ದೆ. ಅದೂ ಓಡಿಹೋಗುವುದೇ. ಆಸ್ಪತ್ರೆಯಲ್ಲಿ ಬಾಯಿಂದ ಆಡಿದ್ದನ್ನು ಬಾಯಿಂದಲೇ, ಪಾರ್ವತಮ್ಮನವರ ಎದುರು, ರವಿಯ ಎದುರು, ನಿಂತು ಹೇಳುತ್ತೇನೆ. ಲೆಕ್ಕ ನನಗೆ ಬರುತ್ತಿರಲಿಲ್ಲ ಎಂಬುದನ್ನೂ ಹೇಳುತ್ತೇನೆ. ಆಮೇಲೆ ಈ ಹಾಳೆಗಳನ್ನು ನಿನ್ನ ಕೈಗೆ ಕೊಡುತ್ತೇನೆ. ಅವರು ಏನು ಮಾಡುತ್ತಾರೋ, ನೀನು ಏನನ್ನುತ್ತೀಯೋ ಗೊತ್ತಿಲ್ಲ. ಏನೂ ಅನ್ನದೆ ಬಾಗಿಲು ಹಾಕಿಕೊಂಡರೂ ನನಗೆ ಕೇಳುವ ಹಕ್ಕಿಲ್ಲ. ಕ್ಷಮಿಸು ಎಂದು ಇಲ್ಲಿ ಬರೆದಿಲ್ಲ. ನೀನು ಆ ಮಾತನ್ನು ನನಗೆ ಹೇಳಿಬಿಟ್ಟ ಮೇಲೆ ನನ್ನ ಬಾಯಿಗೆ ಅದು ಬರುವುದಿಲ್ಲ.

ಹೆದರಿಕೆ ಹೋಗಿಲ್ಲ. ಈ ಸಾಲು ಬರೆಯುವಾಗಲೂ ಎಡಗೈಯನ್ನು ನನ್ನ ಎದೆಯ ಮೇಲೆ ಇಟ್ಟು ನೋಡಿದೆ. ನಡುಗುತ್ತಿದೆ. ನಡುಗಿಕೊಂಡೇ ಬರುತ್ತೇನೆ.